ಕಾಫಿ ಲಾಟಿನ ದಾರಿ ಬರೆಯುವ ಪರದೆ: ವೆಬ್‌ನಲ್ಲಿ ವರ್ಕ್‌ಫ್ಲೋ ಎಡಿಟರ್ ಕಟ್ಟುವುದು ಹೇಗೆ

(ಚಿಕ್ಕಮಗಳೂರಿನಲ್ಲಿ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳು ಮತ್ತು ಸ್ಥಳೀಯ ಡೆವಲಪರ್‌ಗಳ ಎದುರು ನೀಡಿದ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ ಕೋಡನ್ನು ಇಲ್ಲಿ ಮಾತಿಗೆ ಇಳಿಸಿದೆ.)

ಎಲ್ಲರಿಗೂ ನಮಸ್ಕಾರ.

ಉದಾಹರಣೆಗೆ ನಾವು ಬೆಂಗಳೂರಿನ ತನಕ ಹೋಗಬೇಕಿಲ್ಲ. ಇಲ್ಲಿನದೇ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್ (ತೋಟದ ಕಾಫಿಯನ್ನು ಹದ ಮಾಡುವ ಕಾರ್ಖಾನೆ) ತೆಗೆದುಕೊಳ್ಳಿ. ಬೆಳೆಗಾರರ ಲಾರಿ ಬರುತ್ತದೆ, ವೇಬ್ರಿಜ್ ಮೇಲೆ ತೂಕವಾಗುತ್ತದೆ, ಚೀಲಗಳಿಂದ ಸ್ಯಾಂಪಲ್ ತೆಗೆದು ತೇವಾಂಶ, ಔಟ್‌ಟರ್ನ್ (ಹದ ಮಾಡಿದ ಮೇಲೆ ಎಷ್ಟು ಬೀಜ ಸಿಗುತ್ತದೆ ಎಂಬ ಲೆಕ್ಕ) ನೋಡುತ್ತಾರೆ. ತೇವಾಂಶ ಮಿತಿ ಮೀರಿದ್ದರೆ ಲಾಟ್ (ಒಂದು ಸಲಕ್ಕೆ ಬಂದ ಮಾಲು) ಕಣಕ್ಕೆ ಹೋಗಿ, ಒಣಗಿ, ಮತ್ತೆ ಪರೀಕ್ಷೆಗೆ ಬರಬೇಕು. ಸರಿಯಿದ್ದರೆ ಒಂದು ಕಡೆ ಗೋಡೌನಿನಲ್ಲಿ ಜಾಗ ಮಾಡುವ ಕೆಲಸ, ಇನ್ನೊಂದು ಕಡೆ ಬಿಲ್ ಮಾಡುವ ಕೆಲಸ ಒಟ್ಟೊಟ್ಟಿಗೆ ನಡೆಯುತ್ತವೆ. ಎರಡೂ ಮುಗಿದರೆ ಮ್ಯಾನೇಜರ್ ಒಪ್ಪಿಗೆ. ಮೊತ್ತ ದೊಡ್ಡದಿದ್ದರೆ ಪಾಲುದಾರರ ಒಪ್ಪಿಗೆಯೂ ಬೇಕು. ಆಮೇಲೆ ಪಾವತಿ, ಕೊನೆಗೆ ಬೆಳೆಗಾರರ ಫೋನಿಗೊಂದು ಎಸ್ಸೆಮ್ಮೆಸ್.

ಈ ದಾರಿ ಅರೇಬಿಕಾ ಪಾರ್ಚ್‌ಮೆಂಟಿಗೆ ಒಂದು ರೀತಿ, ರೋಬಸ್ಟಾ ಚೆರ್ರಿಗೆ ಇನ್ನೊಂದು ರೀತಿ. ಒಂದು ವರ್ಕ್ಸಿಗೂ ಪಕ್ಕದ ವರ್ಕ್ಸಿಗೂ ಹೊಂದುವುದಿಲ್ಲ. ಸೀಸನ್ನಿನ ಮಧ್ಯದಲ್ಲೇ ಬದಲಾಗುತ್ತದೆ ಕೂಡ. ಪ್ರತಿ ಸಲ ಪ್ರೋಗ್ರಾಮರ್‌ಗೆ ಫೋನ್ ಮಾಡುವ ಬದಲು ಕಚೇರಿಯವರೇ ಪರದೆ ಮೇಲೆ ಡಬ್ಬಿಗಳನ್ನಿಟ್ಟು, ಗೆರೆ ಎಳೆದು ದಾರಿ ಬದಲಿಸುವಂತಿದ್ದರೆ ಅದೇ ವಿಶುವಲ್ ವರ್ಕ್‌ಫ್ಲೋ ಎಡಿಟರ್.

ಇದನ್ನು ಕಟ್ಟಲು ಹೊರಟವರು ಹೆಚ್ಚಿನ ಸಮಯ ಕಳೆಯುವುದು ಡಬ್ಬಿ ಎಳೆಯುವ, ಗೆರೆ ಬಾಗಿಸುವ ಕೆಲಸದಲ್ಲಿ. ಡೆಮೋದಲ್ಲಿ ಕಾಣುವುದೂ ಅದೇ. ಆದರೆ ಬಳಕೆಗೆ ಬಂದ ಮೇಲೆ ಏಳುವ ತಕರಾರುಗಳ ಬೇರು ಹೆಚ್ಚಾಗಿ ಬೇರೆ ಕಡೆ ಇರುತ್ತದೆ. ದಾರಿಯ ಅರ್ಥ ಒಂದು, ಅದು ಪರದೆ ಮೇಲೆ ಎಲ್ಲಿ ಕೂತಿದೆ ಅನ್ನುವುದು ಇನ್ನೊಂದು, ಈ ಕ್ಷಣ ಆ ದಾರಿಯಲ್ಲಿ ನಡೆಯುತ್ತಿರುವ ಲಾಟ್ ಮತ್ತೊಂದು. ಈ ಮೂರನ್ನೂ ಒಂದೇ ಜೇಸನ್ ಫೈಲಿನಲ್ಲಿ ಕಲಸಿಬಿಟ್ಟರೆ ಆಮೇಲೆ ಬಿಡಿಸುವುದು ಬಹಳ ಕಷ್ಟ. ಇವತ್ತು ಹೇಳಲಿರುವುದೆಲ್ಲ ಈ ಮೂರನ್ನು ಬೇರೆಬೇರೆಯಾಗಿ ಇಡುವುದರ ಬಗ್ಗೆಯೇ.

ಮೊದಲು ಡೇಟಾ

ಅರ್ಥದ ಭಾಗದಲ್ಲಿ ಎರಡು ಪಟ್ಟಿ ಸಾಕು. ಒಂದು ನೋಡ್‌ಗಳದ್ದು, ಅಂದರೆ ಡಬ್ಬಿಗಳದ್ದು: ಐಡಿ, ಬಗೆ (ಮನುಷ್ಯರು ಮಾಡುವ ಕೆಲಸ, ಷರತ್ತು, ಕಾಯುವಿಕೆ, ಕವಲು, ಸೇರುವಿಕೆ, ಎಸ್ಸೆಮ್ಮೆಸ್ ಹೀಗೆ), ಮತ್ತು ಆ ಬಗೆಗೆ ಬೇಕಾದ ಸೆಟ್ಟಿಂಗ್. ಇನ್ನೊಂದು ಗೆರೆಗಳದ್ದು: ಯಾವ ನೋಡಿನ ಯಾವ ಪೋರ್ಟಿನಿಂದ (ಡಬ್ಬಿಯಲ್ಲಿ ಗೆರೆ ಅಂಟುವ ಜಾಗದಿಂದ) ಹೊರಟು ಯಾವ ನೋಡಿನ ಯಾವ ಪೋರ್ಟಿಗೆ ಸೇರುತ್ತದೆ ಎಂದು. ಎಕ್ಸ್, ವೈ ಅಂಕಿಗಳಿಗೆ ಇಲ್ಲಿ ಜಾಗವಿಲ್ಲ. ಅವು ನೋಡ್ ಐಡಿಯನ್ನೇ ಕೀಲಿಯಾಗಿಟ್ಟುಕೊಂಡು ಬೇರೆ ವಸ್ತುವಿನಲ್ಲಿ ಕೂರಲಿ. ಹೀಗೆ ಮಾಡಿದರೆ ಯಾರೋ ಡಬ್ಬಿಯನ್ನು 20 ಪಿಕ್ಸೆಲ್ ಪಕ್ಕಕ್ಕೆ ಸರಿಸಿದ ಮಾತ್ರಕ್ಕೆ "ವರ್ಕ್‌ಫ್ಲೋ ಬದಲಾಗಿದೆ, ಮತ್ತೆ ಪಬ್ಲಿಷ್ ಮಾಡಿ" ಎಂಬ ಸುಳ್ಳು ಎಚ್ಚರಿಕೆ ಬರುವುದಿಲ್ಲ. ಅರ್ಥದ ಭಾಗದ ಹ್ಯಾಶ್ (ಪಠ್ಯದಿಂದ ಲೆಕ್ಕ ಹಾಕಿದ ಚಿಕ್ಕ ಗುರುತು) ಹೋಲಿಸಿದರೆ ನಿಜವಾದ ಬದಲಾವಣೆ ಗೊತ್ತಾಗುತ್ತದೆ.

ಪೋರ್ಟ್‌ಗಳನ್ನು ಕ್ರಮಸಂಖ್ಯೆಯಿಂದ ಗುರುತಿಸಬೇಡಿ. ಷರತ್ತಿನ ನೋಡಿನಲ್ಲಿ ಮೂರು ಹೊರದಾರಿ ಇದ್ದು ನಡುವಿನದನ್ನು ಅಳಿಸಿದರೆ ಮೂರನೆಯದು ಎರಡನೆಯದಾಗುತ್ತದೆ, ಅಲ್ಲಿಗೆ ಅಂಟಿದ್ದ ಗೆರೆ ಮಾತ್ರ "3" ಎಂದೇ ಉಳಿಯುತ್ತದೆ. ಕಣಕ್ಕೆ ಹೋಗಬೇಕಿದ್ದ ಲಾಟ್ ಎಲ್ಲಿಗೂ ಹೋಗದೆ ನಿಲ್ಲುವುದು ಹೀಗೆ. ಪ್ರತಿ ಪೋರ್ಟಿಗೂ ತನ್ನದೇ ಐಡಿ ಇರಲಿ. ಕಾಣುವ ಹೆಸರು ಬೇಕಾದರೆ ದಿನಕ್ಕೊಮ್ಮೆ ಬದಲಾಗಲಿ.

ಐಡಿ ಹುಟ್ಟಿಸಲು ಬ್ರೌಸರಿನ ರಾಂಡಮ್‌ಯುಯುಐಡಿ ಫಂಕ್ಷನ್ ಅನುಕೂಲ. ಆದರೆ ಅದು ಸಿಗುವುದು ಎಚ್‌ಟಿಟಿಪಿಎಸ್‌ನಲ್ಲಿ ಮತ್ತು ಲೋಕಲ್‌ಹೋಸ್ಟ್‌ನಲ್ಲಿ ಮಾತ್ರ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ನಡೆದು, ವರ್ಕ್ಸಿನ ಕಚೇರಿಯ ಒಳಗಿನ ನೆಟ್‌ವರ್ಕಿನಲ್ಲಿ 192.168ರಿಂದ ಶುರುವಾಗುವ ವಿಳಾಸದಲ್ಲಿ ಬರಿ ಎಚ್‌ಟಿಟಿಪಿಯಲ್ಲಿ ತೆರೆದಾಗ "ಅಂಥ ಫಂಕ್ಷನ್ನೇ ಇಲ್ಲ" ಎಂದು ಕೈ ಎತ್ತುತ್ತದೆ. ಗೆಟ್‌ರಾಂಡಮ್‌ವ್ಯಾಲ್ಯೂಸ್ ಎರಡೂ ಕಡೆ ಸಿಗುತ್ತದೆ. ಅದನ್ನು ಬಳಸಿ, ಇಲ್ಲವೇ ಸರ್ಟಿಫಿಕೇಟ್ ಹಾಕಿಸಿ.

ಫೈಲಿನ ತಲೆಯಲ್ಲಿ ಸ್ಕೀಮಾ ಆವೃತ್ತಿಯ ಸಂಖ್ಯೆ ಮೊದಲ ದಿನದಿಂದಲೇ ಇರಲಿ. ಆಮೇಲೆ ಸೇರಿಸಿದರೆ ಹಳೆಯ ಫೈಲುಗಳಿಗೆಲ್ಲ "ಸಂಖ್ಯೆ ಇಲ್ಲದ್ದು" ಎಂಬ ವಿಶೇಷ ನಿಯಮವನ್ನು ಜೀವಮಾನವಿಡೀ ಹೊರಬೇಕು.

ಕ್ಯಾನ್ವಾಸ್

ಇಲ್ಲಿ ಬೇಗ ಹೋಗೋಣ, ಏಕೆಂದರೆ ಇದಕ್ಕೆ ಸಿದ್ಧ ಲೈಬ್ರರಿಗಳಿವೆ. ರಿಯಾಕ್ಟ್ ಬಳಸುವವರಿಗೆ ರಿಯಾಕ್ಟ್ ಫ್ಲೋ ಇದೆ, ಎಂಐಟಿ ಲೈಸೆನ್ಸ್. 12ನೇ ಆವೃತ್ತಿಯಿಂದ ಅದರ ಪ್ಯಾಕೇಜಿನ ಹೆಸರು ಎಕ್ಸ್‌ವೈಫ್ಲೋ ಎಂದು ಶುರುವಾಗುತ್ತದೆ. ಹಳೆಯ ಪಾಠಗಳನ್ನು ನೋಡಿ ಹಳೆಯ ಹೆಸರನ್ನು ಹಾಕಿಕೊಂಡರೆ ಉದಾಹರಣೆಗಳು ಹೊಂದುವುದಿಲ್ಲ. ಬ್ಯಾಂಕು, ವಿಮೆಯಂಥ ಕಡೆ 2011ರಲ್ಲಿ ಹೊರಬಂದ ಬಿಪಿಎಂಎನ್ 2.0 ಎಂಬ, ಕೆಲಸದ ದಾರಿಗಳನ್ನು ಚಿತ್ರಿಸುವ ಮಾನದಂಡವನ್ನೇ ಕೇಳುತ್ತಾರೆ. ಅದಕ್ಕೆ ಬಿಪಿಎಂಎನ್-ಜೆಎಸ್ ಇದೆ. ಆದರೆ ಅದರ ಗುರುತಿನ ಲೋಗೋವನ್ನು ಚಿತ್ರದ ಮೂಲೆಯಿಂದ ತೆಗೆಯುವಂತಿಲ್ಲ ಎಂದು ಲೈಸೆನ್ಸ್ ಹೇಳುತ್ತದೆ. ನೋಡ್-ರೆಡ್ ಎಂಬ ಸಿದ್ಧ ವರ್ಕ್‌ಫ್ಲೋ ಎಡಿಟರ್ 2013ರಲ್ಲಿ ಐಬಿಎಂನಲ್ಲಿ ಹುಟ್ಟಿದ್ದು, ಅಪಾಚೆ 2.0 ಲೈಸೆನ್ಸ್, ಯಂತ್ರ-ಸೆನ್ಸರ್ ಕೆಲಸಕ್ಕೆ ಚೆನ್ನ. ಅಂಥದೇ ಇನ್ನೊಂದಾದ ಎನ್8ಎನ್‌ನ ಕೋಡ್ ಓದಲು ಸಿಗುತ್ತದೆಂದು ಅದನ್ನೇ ನಿಮ್ಮ ಸಾಫ್ಟ್‌ವೇರಿನೊಳಗೆ ಕೂರಿಸಿ ಮಾರಲು ಹೊರಟರೆ ಅವರೊಡನೆ ಬೇರೆ ಒಪ್ಪಂದ ಬೇಕಾಗುತ್ತದೆ. ಸಣ್ಣ ತಂಡಕ್ಕೆ ನಮ್ಮ ಅಭಿಪ್ರಾಯ ಇಷ್ಟೇ: ಕ್ಯಾನ್ವಾಸ್ ಎರವಲು ತನ್ನಿ, ಡೇಟಾ ಮಾದರಿ ಮಾತ್ರ ನಿಮ್ಮದೇ ಇರಲಿ. ಲೈಬ್ರರಿಯ ಒಳಗಿನ ವಸ್ತುವನ್ನು ಹಾಗೇ ಡೇಟಾಬೇಸಿಗೆ ಸುರಿದರೆ ಆಯ್ಕೆಯಾಗಿದೆಯೇ, ಎಷ್ಟು ಅಗಲವಿದೆ ಎಂಬಂಥ ಕಸವೂ ಜೊತೆಗೆ ಬರುತ್ತದೆ, ಮುಂದಿನ ಆವೃತ್ತಿಗೆ ಹೋಗುವಾಗ ನಿಮ್ಮ ಫೈಲುಗಳೇ ಮುರಿಯುತ್ತವೆ.

ಲೈಬ್ರರಿ ಇದ್ದರೂ ಒಳಗಿನ ಲೆಕ್ಕ ತಿಳಿದಿರಬೇಕು. ನೋಡ್‌ಗಳು ಎಚ್‌ಟಿಎಂಎಲ್ ಡಿವ್‌ಗಳು, ಗೆರೆಗಳು ಎಸ್‌ವಿಜಿ. ಎರಡೂ ಒಂದೇ ದೊಡ್ಡ ಪದರದೊಳಗಿದ್ದು ಆ ಪದರಕ್ಕೆ ಸರಿತ (ಪದರ ಎಷ್ಟು ಸರಿದಿದೆ ಎಂಬ ಅಂಕಿ) ಮತ್ತು ಜೂಮ್ ಹಾಕುತ್ತೇವೆ, ಮೂಲಬಿಂದು ಎಡ ಮೇಲ್ಮೂಲೆ. ಮೌಸ್ ಇರುವ ಜಾಗದಿಂದ ಕ್ಯಾನ್ವಾಸಿನ ಒಳಗಿನ ಜಾಗ ಬೇಕಾದರೆ ಸರಿತವನ್ನು ಕಳೆದು ಜೂಮಿನಿಂದ ಭಾಗಿಸಿ. ಮೌಸ್ ಇದ್ದ ಬಿಂದು ಅಲುಗದಂತೆ ಜೂಮ್ ಮಾಡಲು:

ಹೊಸ ಸರಿತ = ಮೌಸ್ − (ಮೌಸ್ − ಹಳೆಯ ಸರಿತ) × ಹೊಸ ಜೂಮ್ ÷ ಹಳೆಯ ಜೂಮ್

ಸರಿತ 100, ಮೌಸ್ 300, ಜೂಮ್ 1ರಿಂದ 1.5ಕ್ಕೆ ಹೋದರೆ ಹೊಸ ಸರಿತ 0. ಮೊದಲು ಮೌಸಿನ ಕೆಳಗಿದ್ದದ್ದು 200ನೇ ಬಿಂದು, ಈಗಲೂ 300 ÷ 1.5, ಅಂದರೆ 200. ಎಳೆಯುವಾಗಲೂ ಮೌಸ್ ಸರಿದ ದೂರವನ್ನು ಜೂಮಿನಿಂದ ಭಾಗಿಸಬೇಕು. ಮರೆತರೆ 0.5 ಜೂಮಿನಲ್ಲಿ ಡಬ್ಬಿ ಮೌಸಿನ ಅರ್ಧ ವೇಗದಲ್ಲಿ ಹಿಂದೆ ಬೀಳುತ್ತದೆ. ಡೆವಲಪರ್ ಯಾವಾಗಲೂ ಜೂಮ್ 1ರಲ್ಲೇ ಪರೀಕ್ಷಿಸುವುದರಿಂದ ಈ ತಪ್ಪು ಮೊದಲು ಕಾಣುವುದು ಗ್ರಾಹಕರಿಗೆ.

ಟ್ರ್ಯಾಕ್‌ಪ್ಯಾಡಿನಲ್ಲಿ ಎರಡು ಬೆರಳಿನಿಂದ ಹಿಗ್ಗಿಸಿದ್ದು ಬ್ರೌಸರಿಗೆ ಬರುವುದು ಕಂಟ್ರೋಲ್ ಒತ್ತಿದ ಚಕ್ರದ ಘಟನೆಯಾಗಿ. ಅದನ್ನು ತಡೆಯದಿದ್ದರೆ ಇಡೀ ಪುಟವೇ ಹಿಗ್ಗುತ್ತದೆ. ರಿಯಾಕ್ಟಿನ ಆನ್‌ವೀಲ್‌ನಲ್ಲಿ ತಡೆಯಲು ಹೋದರೆ ಕೆಲಸ ಮಾಡುವುದಿಲ್ಲ, ಏಕೆಂದರೆ 17ನೇ ಆವೃತ್ತಿಯಿಂದ ರಿಯಾಕ್ಟ್ ಅದನ್ನು ಪ್ಯಾಸಿವ್ ಆಗಿ, ಅಂದರೆ ತಡೆಯಲು ಬಾರದಂತೆ ನೋಂದಾಯಿಸುತ್ತದೆ. ನೇರವಾಗಿ ಎಲಿಮೆಂಟಿಗೇ ಲಿಸನರ್ ಹಾಕಿ ಪ್ಯಾಸಿವ್ ಅಲ್ಲ ಎಂದು ಹೇಳಬೇಕು. ಎಳೆಯಲು ಮೌಸ್ ಘಟನೆಗಳ ಬದಲು ಪಾಯಿಂಟರ್ ಘಟನೆಗಳನ್ನು ಬಳಸಿ, ಒತ್ತಿದ ಕೂಡಲೇ ಪಾಯಿಂಟರನ್ನು ಹಿಡಿದಿಟ್ಟುಕೊಳ್ಳಿ. ಇಲ್ಲವಾದರೆ ಮೌಸ್ ಕಿಟಕಿಯಾಚೆ ಹೋಗಿ ಬಿಟ್ಟಾಗ ಡಬ್ಬಿ ಅಂಟಿಕೊಂಡೇ ಹಿಂದೆ ಬರುತ್ತದೆ.

ಗೆರೆಯ ದಪ್ಪ 2 ಪಿಕ್ಸೆಲ್ ಇದ್ದರೆ ಅದರ ಮೇಲೆ ಕ್ಲಿಕ್ ಮಾಡಲು ಹೆಣಗಬೇಕಾಗುತ್ತದೆ. ಅದೇ ದಾರಿಯಲ್ಲಿ 20 ಪಿಕ್ಸೆಲ್ ದಪ್ಪದ ಕಾಣದ ಗೆರೆಯೊಂದನ್ನು ಹಾಸಿ, ಕ್ಲಿಕ್ ಅದಕ್ಕೆ ಬೀಳಲಿ. ಪೋರ್ಟ್ ಕಣ್ಣಿಗೆ 10 ಪಿಕ್ಸೆಲ್ ಇದ್ದರೂ ಹಿಡಿಯುವ ಜಾಗ ಕನಿಷ್ಠ 24 × 24 ಇರಲಿ. ವೆಬ್ ಎಲ್ಲರಿಗೂ ಬಳಸಲು ಬರುವಂತಿರಲಿ ಎಂಬ ಮಾರ್ಗಸೂಚಿ, 2023ರ ಡಬ್ಲ್ಯುಸಿಎಜಿ 2.2 ಕೇಳುವುದೂ ಅಷ್ಟನ್ನೇ.

ರಿಯಾಕ್ಟ್ ಫ್ಲೋದಲ್ಲಿ ಮತ್ತೆ ಮತ್ತೆ ಕಾಣುವ ಎಡವಟ್ಟುಗಳು: ಹೊರಗಿನ ಡಬ್ಬಕ್ಕೆ ಎತ್ತರ ಕೊಡದೆ ಪರದೆ ಖಾಲಿ ಕಾಣುವುದು, ನೋಡ್ ಬಗೆಗಳ ಪಟ್ಟಿಯನ್ನು ಕಾಂಪೊನೆಂಟಿನೊಳಗೇ ಬರೆದು ಪ್ರತಿ ರೆಂಡರಿಗೂ ಹೊಸದು ಹುಟ್ಟಿ ಟೈಪ್ ಮಾಡುತ್ತಿದ್ದ ಇನ್‌ಪುಟ್ ಫೋಕಸ್ ಕಳೆದುಕೊಳ್ಳುವುದು, ಪೋರ್ಟನ್ನು ಸಿಎಸ್‌ಎಸ್‌ನ "ಡಿಸ್‌ಪ್ಲೇ: ನನ್" ಹಾಕಿ ಅಡಗಿಸಿ ಗೆರೆಗಳು ತಪ್ಪು ಜಾಗಕ್ಕೆ ಹಾರುವುದು. ಅಡಗಿಸಬೇಕಾದರೆ ಪಾರದರ್ಶಕ ಮಾಡಿ, ಲೈಬ್ರರಿಗೆ ಅಳತೆ ಸಿಗಬೇಕು.

ನೋಡ್‌ಗಳು ಒಂದೆರಡು ನೂರು ದಾಟುವ ತನಕ ವೇಗದ ಚಿಂತೆ ಬೇಡ. ಎಳೆಯುವಾಗ ಎಳೆದ ನೋಡ್ ಮತ್ತು ಅದರ ಗೆರೆಗಳು ಮಾತ್ರ ಮತ್ತೆ ರೆಂಡರ್ ಆಗುವಂತೆ ಮೆಮೊ ಹಾಕಿದರೆ ಸಾಕು. ಒಂದು ಕಚೇರಿಯ ದಾರಿಯಲ್ಲಿ 60 ಡಬ್ಬಿ ದಾಟಿದರೆ ಆ ಚಿತ್ರವನ್ನು ಓದುವವರೇ ಇರುವುದಿಲ್ಲ. ಅಲ್ಲಿ ಬೇಕಾದದ್ದು ಒಳ-ವರ್ಕ್‌ಫ್ಲೋ.

ತಾನಾಗಿ ಜೋಡಿಸುವ ಬಟನ್ ಕೊಡಿ, ಆದರೆ ಬಟನ್ ಒತ್ತದೆ ಜೋಡಿಸಬೇಡಿ. ಇದಕ್ಕಿರುವ ಡಾಗ್ರೆ, ಇಎಲ್‌ಕೆ ಲೈಬ್ರರಿಗಳು ಎರಡೂ 1981ರಲ್ಲಿ ಸುಗಿಯಾಮಾ ಮತ್ತು ಸಂಗಡಿಗರು ಕೊಟ್ಟ ಪದರ-ಪದರದ ವಿಧಾನವನ್ನೇ ನಡೆಸುತ್ತವೆ. ಎರಡಕ್ಕೂ ನೋಡಿನ ನಿಜವಾದ ಅಗಲ-ಎತ್ತರ ಬೇಕು. ರೆಂಡರ್ ಆಗುವ ಮೊದಲೇ ಓಡಿಸಿದರೆ ಎಲ್ಲವೂ ಶೂನ್ಯ ಅಳತೆಯೆಂದು ತಿಳಿದು ಡಬ್ಬಿಗಳನ್ನು ಒಂದರ ಮೇಲೊಂದು ಪೇರಿಸುತ್ತವೆ. ಜನ ತಾವೇ ಇಟ್ಟ ಜೋಡಣೆಗೆ ಅವರದೇ ಅರ್ಥವಿರುತ್ತದೆ, ಬಿಲ್ಲಿಂಗ್ ಮೇಲೆ, ಗೋಡೌನ್ ಕೆಳಗೆ ಎಂದು. ಕೇಳದೆ ಕದಲಿಸಿದರೆ ಸಿಟ್ಟು ಬರುವುದು ಸಹಜ.

ಕನ್ನಡ ಬರೆದಾಗ ಏನಾಗುತ್ತದೆ

ಡಬ್ಬಿಯ ಮೇಲೆ ಕನ್ನಡ ಬರೆಯುವವರು ನಮ್ಮ ಬಳಕೆದಾರರು, ಹಾಗಾಗಿ ಇದನ್ನು ಕೊನೆಗೆ ಉಳಿಸಿಕೊಳ್ಳಬೇಡಿ. ಇಂಗ್ಲಿಷಿಗೆ ಅಳೆದ ಎತ್ತರದಲ್ಲಿ ಒತ್ತಕ್ಷರದ ಕಾಲು ಕತ್ತರಿಸಿ ಹೋಗುತ್ತದೆ. ಸಾಲಿನ ಎತ್ತರ 1.6ರ ಆಸುಪಾಸು ಇರಲಿ, ಡಬ್ಬಿಯ ಎತ್ತರವನ್ನು ಬಿಗಿಯಾಗಿ ಕಟ್ಟಬೇಡಿ. ಎಸ್‌ವಿಜಿಯ ಟೆಕ್ಸ್ಟ್ ತಾನಾಗಿ ಎರಡನೇ ಸಾಲಿಗೆ ಮಡಚುವುದಿಲ್ಲ. ನೋಡ್‌ಗಳನ್ನು ಎಚ್‌ಟಿಎಂಎಲ್‌ನಲ್ಲಿ ಮಾಡಲು ಇದೂ ಒಂದು ಕಾರಣ.

ಉದ್ದದ ಹೆಸರನ್ನು ಜಾವಾಸ್ಕ್ರಿಪ್ಟ್‌ನಲ್ಲಿ 20 ಅಕ್ಷರಕ್ಕೆ ಕತ್ತರಿಸಿ ಮೂರು ಚುಕ್ಕೆ ಇಡುವುದು ಬೇಡ. ಆ ಎಣಿಕೆ ಕೋಡ್ ಯೂನಿಟ್‌ಗಳದ್ದು. "ಪರೀಕ್ಷೆ"ಯನ್ನು ತಪ್ಪು ಜಾಗದಲ್ಲಿ ಕಡಿದರೆ "ಪರೀಕ್" ಉಳಿಯುತ್ತದೆ. ಕತ್ತರಿಸುವ ಕೆಲಸ ಸಿಎಸ್‌ಎಸ್‌ಗೆ ಬಿಡಿ. ಹುಡುಕುವ ಸೌಲಭ್ಯ ಇದ್ದರೆ ಉಳಿಸುವ ಮೊದಲು ಪಠ್ಯವನ್ನು ಎನ್‌ಎಫ್‌ಸಿಗೆ (ಯೂನಿಕೋಡಿನ ಒಂದೇ ಬಗೆಯ ಬರಹ ರೂಪಕ್ಕೆ) ತನ್ನಿ. "ಗೋಡೌನ್"ನಲ್ಲಿರುವ ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ-ಊತ್ವ-ದೀರ್ಘ ಎಂದು ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಹೋಲಿಕೆಯಲ್ಲಿ ಬೇರೆ. ಸಾಫ್ಟ್‌ವೇರ್ ಎಂಬಂಥ ಪದದ ನಡುವೆ ಕಾಣದೆ ಕೂರುವ ಜೋಡಿಸದ ಗುರುತನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ. ಹುಡುಕುವಾಗ ಎರಡೂ ಕಡೆಯಿಂದ ಅದನ್ನು ನೀವೇ ತೆಗೆದು ಹೋಲಿಸಿ. ಬರೆದದ್ದರಿಂದ ಮಾತ್ರ ತೆಗೆಯಬೇಡಿ, ಕಾಣುವ ರೂಪ ಕೆಡುತ್ತದೆ.

ಕೀಬೋರ್ಡ್ ಶಾರ್ಟ್‌ಕಟ್ ಬರೆಯುವಾಗ ಎರಡು ಎಚ್ಚರ. ಇನ್‌ಪುಟ್‌ನಲ್ಲಿ ಟೈಪ್ ಮಾಡುತ್ತಿರುವಾಗ ಬ್ಯಾಕ್‌ಸ್ಪೇಸ್ ಒತ್ತಿದರೆ ಇಡೀ ನೋಡ್ ಅಳಿಸಿಹೋಗಬಾರದು. ಘಟನೆ ಎಲ್ಲಿಂದ ಬಂತು ನೋಡಿ. ಲಿಪ್ಯಂತರದ ಕೀಬೋರ್ಡ್ ಅಕ್ಷರ ಕಟ್ಟುತ್ತಿರುವಾಗ ಬಂದ ಎಂಟರನ್ನು "ಉಳಿಸು" ಎಂದು ತಿಳಿಯಬಾರದು. ಈಸ್‌ಕಂಪೋಸಿಂಗ್ ನಿಜವಾಗಿದ್ದರೆ ಸುಮ್ಮನಿರಿ.

ತಪ್ಪು ದಾರಿಯನ್ನು ಹಿಡಿಯುವುದು

ಡ್ರಾಫ್ಟ್‌ನಲ್ಲಿ ಎಲ್ಲ ತಪ್ಪಿಗೂ ಅವಕಾಶ ಕೊಡಿ. ಅರ್ಧ ಕಟ್ಟಿದ ದಾರಿ ಅರ್ಧವೇ ಇರುತ್ತದೆ. ಅದನ್ನು ಉಳಿಸಲು ಬಿಡದ ಎಡಿಟರನ್ನು ಎರಡನೇ ಸಲ ಯಾರೂ ಮುಟ್ಟುವುದಿಲ್ಲ. ತಪಾಸಣೆಯ ಬಾಗಿಲು ಇರಬೇಕಾದದ್ದು ಪಬ್ಲಿಷ್ ಹತ್ತಿರ. ಅದೇ ತಪಾಸಣೆ ಸರ್ವರಿನಲ್ಲೂ ನಡೆಯಬೇಕು, ಬ್ರೌಸರಿನದ್ದು ಬರೀ ಅನುಕೂಲಕ್ಕೆ.

ಸುಲಭದವು: ಶುರು ಒಂದೇ ಇರಬೇಕು, ಶುರುವಿನಿಂದ ತಲುಪಲಾಗದ ನೋಡ್ ಇರಬಾರದು, ಪ್ರತಿ ನೋಡಿನಿಂದಲೂ ಕೊನೆಗೆ ಒಂದಾದರೂ ದಾರಿ ಇರಬೇಕು, ಷರತ್ತಿಗೆ "ಉಳಿದದ್ದೆಲ್ಲ" ಎಂಬ ಹೊರದಾರಿ ಇರಲೇಬೇಕು, ಒಪ್ಪಿಗೆ ಕೊಡುವ ಹುದ್ದೆಯಲ್ಲಿ ಯಾರಾದರೂ ಇರಬೇಕು.

ಸುತ್ತುಗಳ ವಿಚಾರ ಸ್ವಲ್ಪ ಸೂಕ್ಷ್ಮ. "ವರ್ಕ್‌ಫ್ಲೋದಲ್ಲಿ ಸುತ್ತು ಇರಕೂಡದು" ಎಂದು ನಿಯಮ ಮಾಡಿದರೆ ಕಣಕ್ಕೆ ಹೋಗಿ ಮರಳಿ ಪರೀಕ್ಷೆಗೆ ಬರುವ ನಮ್ಮ ಲಾಟಿಗೆ ದಾರಿಯೇ ಇಲ್ಲ. ಸುತ್ತು ಬೇಕು, ಆದರೆ ಮನುಷ್ಯರಾಗಲಿ ಗಡಿಯಾರವಾಗಲಿ ನಡುವೆ ತಡೆಯದ ಸುತ್ತು ಬೇಡ. ಅದು ಸೆಕೆಂಡಿಗೆ ಸಾವಿರ ಸಲ ತಿರುಗಿ ಸರ್ವರನ್ನು ಕೆಡವುತ್ತದೆ, ನಡುವೆ ಎಸ್ಸೆಮ್ಮೆಸ್ ನೋಡ್ ಇದ್ದರೆ ಬಿಲ್ಲೂ ಬರುತ್ತದೆ. ತಪಾಸಣೆ ಹೀಗೆ ಮಾಡಿ: ಮನುಷ್ಯರ ಕೆಲಸದ ನೋಡ್, ಕಾಯುವ ನೋಡ್ ಎಲ್ಲವನ್ನೂ ಲೆಕ್ಕಕ್ಕಾಗಿ ತೆಗೆದುಹಾಕಿ, ಉಳಿದ ಗ್ರಾಫಿನಲ್ಲಿ ಸುತ್ತು ಇದೆಯೇ ನೋಡಿ. ಇದ್ದರೆ ತಡೆಯಿರಿ. ಸುತ್ತು ಇದೆಯೋ ಇಲ್ಲವೋ ಎಂದಷ್ಟೇ ತಿಳಿಯಲು 1962ರ ಕಾನ್ ಅಲ್ಗಾರಿದಮ್ ಸಾಕು. ಆದರೆ ಕಾನ್ ಉಳಿಸುವ ನೋಡ್‌ಗಳಲ್ಲಿ ಸುತ್ತಿನ ಆಚೆ, ಅದರ ಕೆಳಗೆ ಇರುವವೂ ಸೇರಿರುತ್ತವೆ. ಎಲ್ಲಕ್ಕೂ ಕೆಂಪು ಬಣ್ಣ ಬಳಿದರೆ ಪಾವತಿ ನೋಡಿನಲ್ಲಿ ತಪ್ಪು ಹುಡುಕುತ್ತಾ ಕೂರುತ್ತಾರೆ. ಸುತ್ತಿನೊಳಗಿನವನ್ನು ಮಾತ್ರ ತೋರಿಸಲು ತಾರ್ಜನ್‌ರ 1972ರ ವಿಧಾನ ಬಳಸಿ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಕವಲು ಮತ್ತು ಸೇರುವಿಕೆ. ಗೋಡೌನ್ ಮತ್ತು ಬಿಲ್ ಒಟ್ಟಿಗೆ ಶುರುವಾಗುತ್ತವೆ, ಎರಡೂ ಬರುವ ತನಕ ಸೇರುವ ನೋಡ್ ಕಾಯುತ್ತದೆ. ಈಗ ಯಾರೋ ಬಿಲ್ ಕವಲಿನ ಒಳಗೆ ಷರತ್ತೊಂದನ್ನು ಸೇರಿಸಿ "ಮುಂಗಡ ಕೊಟ್ಟಾಗಿದ್ದರೆ ನೇರ ಕೊನೆಗೆ" ಎಂದು ಗೆರೆ ಎಳೆದರು ಎನ್ನಿ. ಮುಂಗಡ ಪಡೆದ ಲಾಟ್‌ಗಳಲ್ಲಿ ಗೋಡೌನ್ ಕವಲು ಬಂದು ಸೇರುವ ನೋಡಿನಲ್ಲಿ ನಿಲ್ಲುತ್ತದೆ. ಬಿಲ್ ಕವಲು ಬರುವುದೇ ಇಲ್ಲ. ಲಾಗ್‌ನಲ್ಲಿ ತಪ್ಪು ಇಲ್ಲ, ಪರದೆಯಲ್ಲಿ ಕೆಂಪಿಲ್ಲ, ಲಾಟ್ ಮಾತ್ರ ಅಲ್ಲೇ ಇರುತ್ತದೆ. ಇದರ ಎದುರು ತಪ್ಪೂ ಇದೆ. ಕವಲೊಡೆದ ಎರಡು ಗೆರೆಗಳನ್ನು ಸೇರುವ ನೋಡ್ ಇಲ್ಲದೆ ನೇರವಾಗಿ ಪಾವತಿ ನೋಡಿಗೆ ತಂದರೆ ಅದು ಎರಡು ಸಲ ನಡೆಯುತ್ತದೆ. ಎರಡು ಪಾವತಿ!

ಇದನ್ನು ಪೂರ್ತಿ ಸಾಮಾನ್ಯ ಗ್ರಾಫಿನಲ್ಲಿ ತಪಾಸಿಸುವುದು ಸಾಧ್ಯ, ಆದರೆ ಬಂದ ದೋಷವನ್ನು ಕಚೇರಿಯವರಿಗೆ ಅರ್ಥವಾಗುವಂತೆ ಹೇಳುವುದು ಕಷ್ಟ. ಹಾಗಾಗಿ ನಮ್ಮ ಒಲವು ಕಟ್ಟುನಿಟ್ಟಿನ ಕಡೆ: ಪ್ಯಾಲೆಟ್‌ನಿಂದ ಕವಲನ್ನು ಎಳೆದು ತಂದರೆ ಸೇರುವ ನೋಡ್ ಜೊತೆಯಲ್ಲೇ ಬರಲಿ, ಒಂದನ್ನು ಅಳಿಸಿದರೆ ಇನ್ನೊಂದೂ ಹೋಗಲಿ, ಒಳಗಿನಿಂದ ಹೊರಕ್ಕೆ ಗೆರೆ ಎಳೆಯಲು ಎಡಿಟರ್ ಬಿಡದಿರಲಿ. ಸ್ವಾತಂತ್ರ್ಯ ಕಡಿಮೆಯಾಯಿತು ಎಂದು ಇಬ್ಬರು ದೂರುತ್ತಾರೆ. ಲಾಟ್ ಕಳೆದುಹೋಯಿತು ಎಂಬ ದೂರಿಗಿಂತ ಅದು ಮೇಲು.

ಷರತ್ತಿನ ಒಳಗೆ ಇನ್ನೊಂದು ಗುಂಡಿ ಇದೆ. ಫಾರಂನಿಂದ ಬಂದ ಅಂಕಿ ಪಠ್ಯವಾಗಿರುತ್ತದೆ. ಮಿತಿಯೂ ಪಠ್ಯವಾಗಿ ಉಳಿದಿದ್ದರೆ ಜಾವಾಸ್ಕ್ರಿಪ್ಟ್ ಎರಡನ್ನೂ ಅಕ್ಷರ ಅಕ್ಷರ ಹೋಲಿಸುತ್ತದೆ, ಆಗ "9.8" ಎಂಬುದು "10.5"ಗಿಂತ ದೊಡ್ಡದು, ಏಕೆಂದರೆ 9 ಎಂಬ ಅಕ್ಷರ 1ರ ನಂತರ ಬರುತ್ತದೆ. ಚೆನ್ನಾಗಿ ಒಣಗಿದ ಲಾಟ್ ಮತ್ತೆ ಕಣಕ್ಕೆ ಹೋಗುತ್ತದೆ, ಒದ್ದೆ ಇರುವ 11.2 ಸರಿಯಾಗಿಯೇ ಸಿಕ್ಕಿಬೀಳುವುದರಿಂದ ಪರೀಕ್ಷೆ ಮಾಡಿದವರಿಗೆ ಅನುಮಾನವೂ ಬರುವುದಿಲ್ಲ. ಪ್ರತಿ ಕ್ಷೇತ್ರಕ್ಕೂ ಬಗೆ ಇರಲಿ, ಸಂಖ್ಯೆ, ಪಠ್ಯ, ದಿನಾಂಕ ಎಂದು. ಹಣವನ್ನು ಪೈಸೆಯ ಪೂರ್ಣಾಂಕದಲ್ಲಿ ಇಡಿ. ಷರತ್ತನ್ನು ನಡೆಸಲು ಇವ್ಯಾಲ್ (ಪಠ್ಯವನ್ನೇ ಕೋಡಾಗಿ ನಡೆಸುವ ಫಂಕ್ಷನ್) ಬಳಸಬೇಡಿ. ಎಡಿಟರ್ ಬಳಸುವ ಯಾರು ಬೇಕಾದರೂ ನಿಮ್ಮ ಸರ್ವರಿನಲ್ಲಿ ಕೋಡ್ ನಡೆಸಬಹುದು ಎಂದು ಬಾಗಿಲು ತೆರೆದಂತೆ. ಸಿಇಎಲ್ ಅಥವಾ ಜೇಸನ್‌ಲಾಜಿಕ್‌ನಂಥ ಸೀಮಿತ ಭಾಷೆ ಸಾಕಾಗುತ್ತದೆ.

ಉಳಿಸುವುದು, ಹಿಂದೆ ಹೋಗುವುದು

ಅನ್‌ಡೂಗೆ ಇಡೀ ಗ್ರಾಫಿನ ಪ್ರತಿಯನ್ನೇ ಇಟ್ಟುಕೊಳ್ಳಿ. 40 ನೋಡಿನ ಫೈಲ್ ಕೆಲವು ಹತ್ತು ಕೆಬಿ. ನೂರು ಪ್ರತಿ ಇಟ್ಟರೂ ಕೆಲವೇ ಎಂಬಿ. ಪ್ರತಿ ಕ್ರಿಯೆಗೂ ಅದರ ವಿರುದ್ಧ ಕ್ರಿಯೆ ಬರೆಯುವ ಜಾಣತನ ಇಲ್ಲಿ ಲಾಭ ತರುವುದಿಲ್ಲ. ಮುಖ್ಯವಾದದ್ದು ಹೆಜ್ಜೆಯ ಗಾತ್ರ: ಒಂದು ಎಳೆತ ಒಂದೇ ಹೆಜ್ಜೆ, ಬಿಟ್ಟಾಗ ದಾಖಲಾಗಲಿ. ನೋಡ್ ಅಳಿಸಿದಾಗ ಅದರ ಗೆರೆಗಳೂ ಅದೇ ಹೆಜ್ಜೆಯಲ್ಲಿ ಹೋಗಿ ಅದೇ ಹೆಜ್ಜೆಯಲ್ಲಿ ಮರಳಲಿ. ಜೂಮ್ ಮತ್ತು ಆಯ್ಕೆಯನ್ನು ಅನ್‌ಡೂನಲ್ಲಿ ಸೇರಿಸಬೇಡಿ.

ಮಳೆಗಾಲದಲ್ಲಿ ಮೂಡಿಗೆರೆ, ಕಳಸದ ಕಡೆ ಕರೆಂಟು-ನೆಟ್‌ವರ್ಕ್ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಬದಲಾವಣೆ ನಿಂತು ಸುಮಾರು ಒಂದು ಸೆಕೆಂಡ್ ಆದ ಮೇಲೆ, ಮೊದಲು ಬ್ರೌಸರಿನೊಳಗಿನ ಡೇಟಾಬೇಸ್ ಆದ ಇಂಡೆಕ್ಸ್‌ಡ್‌ಡಿಬಿಗೆ ಉಳಿಸಿ, ಆಮೇಲೆ ಸರ್ವರಿಗೆ ಕಳಿಸಿ. "ಉಳಿದಿದೆ" ಎಂಬ ಮಾತು ಸರ್ವರ್ ಉತ್ತರ ಕೊಟ್ಟ ಮೇಲೆ ಮಾತ್ರ ಕಾಣಲಿ. ಅಲ್ಲಿಯ ತನಕ "ಈ ಕಂಪ್ಯೂಟರಿನಲ್ಲಿ ಮಾತ್ರ" ಎನ್ನಿ. ಪುಟ ಮುಚ್ಚುವ ಘಟನೆಯನ್ನು ಮೊಬೈಲಿನಲ್ಲಿ ನಂಬಬೇಡಿ, ಪುಟ ಮರೆಯಾದಾಗ ಬರುವ ವಿಸಿಬಿಲಿಟಿಚೇಂಜ್ ನೋಡಿ. ಆಗ ಕಳಿಸುವ ಕೀಪ್‌ಅಲೈವ್ ಫೆಚ್‌ಗೆ 64 ಕೆಬಿ ಮಿತಿ ಇದೆ. ದೊಡ್ಡ ಫೈಲಾದರೆ ವಿಫಲವಾಗುತ್ತದೆ, ಆದ್ದರಿಂದ ಸ್ಥಳೀಯ ಪ್ರತಿಯೇ ಕೊನೆಯ ಆಸರೆ.

ಪ್ರತಿ ಉಳಿಕೆಯ ಜೊತೆ "ನಾನು ನೋಡಿದ್ದು 17ನೇ ಪ್ರತಿ" ಎಂದು ಇಫ್-ಮ್ಯಾಚ್ ಹೆಡರಿನಲ್ಲಿ ಹೇಳಿ. ಸರ್ವರಿನಲ್ಲಿ 18 ಇದ್ದರೆ 412 ಎಂಬ ನಿರಾಕರಣೆಯ ಉತ್ತರ ಬರಲಿ. ಇಲ್ಲವಾದರೆ ಬೆಳಗ್ಗೆ ತೆರೆದಿಟ್ಟ ಹಳೆಯ ಟ್ಯಾಬ್ ಸಂಜೆ ಎದ್ದು ಇಡೀ ದಿನದ ಕೆಲಸವನ್ನು ಅಳಿಸುತ್ತದೆ.

ನಡೆಯುತ್ತಿರುವ ಲಾಟ್

ಜನವರಿ ಬಂತು, ಕೊಯ್ಲು ಭರದಲ್ಲಿದೆ, 300 ಲಾಟ್‌ಗಳು ದಾರಿಯ ಬೇರೆಬೇರೆ ಕಡೆ ನಿಂತಿವೆ ಎಂದುಕೊಳ್ಳೋಣ. ಮ್ಯಾನೇಜರ್ ತೇವಾಂಶದ ಮಿತಿಯನ್ನು 11ರಿಂದ 10.5ಕ್ಕೆ ಇಳಿಸಿ, ಪರೀಕ್ಷೆಯ ನಂತರ ಹೊಸ ಒಪ್ಪಿಗೆಯ ಡಬ್ಬಿಯೊಂದನ್ನು ಸೇರಿಸಿ ಪಬ್ಲಿಷ್ ಒತ್ತಿದರು. 10.8 ಬಂದು ಪಾಸಾಗಿ ಬಿಲ್ಲಿಂಗ್‌ನಲ್ಲಿರುವ ಲಾಟ್ ಈಗ ಏನಾಗಬೇಕು? ಒಂದೇ ಟೇಬಲ್ಲಿನಲ್ಲಿ ಒಂದೇ ವರ್ಕ್‌ಫ್ಲೋ ಇಟ್ಟವರ ಬಳಿ ಇದಕ್ಕೆ ಉತ್ತರವಿಲ್ಲ. ಅವರ ಎಂಜಿನ್ (ದಾರಿಯನ್ನು ನಡೆಸುವ ಪ್ರೋಗ್ರಾಂ) ಹೊಸ ಚಿತ್ರವನ್ನೇ ಓದುತ್ತದೆ. ಲಾಟ್ ನಿಂತಿದ್ದ ನೋಡ್ ಅಳಿಸಿಹೋಗಿದ್ದರೆ ಅದಕ್ಕೆ ಮುಂದಿನ ಹೆಜ್ಜೆಯೇ ಸಿಗುವುದಿಲ್ಲ.

ಪಬ್ಲಿಷ್ ಆದ ಪ್ರತಿಯನ್ನು ಆಮೇಲೆ ಯಾರೂ ಮುಟ್ಟಬಾರದು. ವೇಬ್ರಿಜ್ ಚೀಟಿಯ ಹಾಗೆ: ಕೊಟ್ಟ ಮೇಲೆ ತಿದ್ದುವಂತಿಲ್ಲ, ಬೇಕಾದರೆ ಹೊಸ ಚೀಟಿ ಬರೆಯಬೇಕು. ಡೇಟಾಬೇಸಿನಲ್ಲಿ ನಾಲ್ಕು ಟೇಬಲ್ ಬೇಕು. ವರ್ಕ್‌ಫ್ಲೋ ಮತ್ತು ಅದರ ಡ್ರಾಫ್ಟ್, ಬದಲಾಗದ ಆವೃತ್ತಿಗಳು, ಒಂದೊಂದು ಲಾಟಿನ ಓಟ (ಅದು ಯಾವ ಆವೃತ್ತಿಯಲ್ಲಿ ಶುರುವಾಯಿತು ಎಂಬುದರ ಸಹಿತ), ಆ ಓಟದ ಹೆಜ್ಜೆಗಳು. ಶುರುವಾದ ಲಾಟ್ ತನ್ನ ಆವೃತ್ತಿಯಲ್ಲೇ ಮುಗಿಯುತ್ತದೆ, ಹೊಸ ಲಾಟ್ ಹೊಸ ಆವೃತ್ತಿಯಲ್ಲಿ ಹೊರಡುತ್ತದೆ.

ಹಳೆಯ ಲಾಟ್‌ಗಳನ್ನೂ ಹೊಸ ದಾರಿಗೆ ತರಲೇಬೇಕೆಂದು ಕೇಳುವ ದಿನ ಬರುತ್ತದೆ. ಆಗ ಹಳೆಯ ನೋಡ್ ಐಡಿಯಿಂದ ಹೊಸ ನೋಡ್ ಐಡಿಗೆ ನಕ್ಷೆ ಬೇಕು. ಡಬ್ಬಿ ಎಡಿಟ್ ಮಾಡಿದಾಗಲೆಲ್ಲ ಐಡಿ ಉಳಿಸಿಕೊಂಡಿದ್ದರೆ ಹೆಚ್ಚಿನ ನಕ್ಷೆ ತಾನಾಗಿಯೇ ಸಿಗುತ್ತದೆ. ನಕ್ಷೆಯಲ್ಲಿ ಜಾಗ ಸಿಗದ ಲಾಟ್‌ಗಳನ್ನು ಪಟ್ಟಿ ಮಾಡಿ ತೋರಿಸಿ, ತೀರ್ಮಾನ ಮನುಷ್ಯರದ್ದಾಗಿರಲಿ. ಕವಲಿನ ಒಳಗೆ ನಿಂತಿರುವ ಲಾಟ್‌ಗಳನ್ನು ಸಾಗಿಸಲು ಹೋಗಬೇಡಿ, ಅವು ಸೇರುವ ತನಕ ಕಾಯಿರಿ.

ಎಂಜಿನ್ ಬಗ್ಗೆ ಪೂರ್ತಿ ಹೇಳಲು ಇವತ್ತು ಸಮಯವಿಲ್ಲ, ಎಡಿಟರ್ ಬರೆಯುವವರಿಗೆ ತಾಗುವ ಎರಡು ಸಂಗತಿ ಮಾತ್ರ. "30 ದಿನ ಕಾಯಿರಿ" ಎಂಬ ನೋಡನ್ನು ಸೆಟ್‌ಟೈಮೌಟ್‌ನಿಂದ ನಡೆಸಿದರೆ ಸರ್ವರ್ ರೀಸ್ಟಾರ್ಟ್ ಆದಾಗ ಅದು ಕಳೆದುಹೋಗುವುದು ಒಂದು ಕಡೆ. 2147483647 ಮಿಲಿಸೆಕೆಂಡ್, ಅಂದರೆ ಸುಮಾರು 24.8 ದಿನ ದಾಟಿದ ಅವಧಿ ಕೊಟ್ಟರೆ ಅದು ಕಾಯದೆ ತಕ್ಷಣವೇ ಹೊಡೆಯುತ್ತದೆ. 7 ದಿನಕ್ಕೆ ಪರೀಕ್ಷಿಸಿದವರಿಗೆ ಇದು ಕಾಣುವುದೇ ಇಲ್ಲ. ಎದ್ದೇಳಬೇಕಾದ ಸಮಯವನ್ನು ಡೇಟಾಬೇಸಿನಲ್ಲಿ ಬರೆದು, ನಿಮಿಷಕ್ಕೊಮ್ಮೆ ಸಮಯ ಮೀರಿದ ಸಾಲುಗಳನ್ನು ಎತ್ತಿಕೊಳ್ಳಿ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಆದರೆ 9.5ರಿಂದ ಇರುವ ಸ್ಕಿಪ್ ಲಾಕ್ಡ್ (ಬೇರೆಯವರು ಹಿಡಿದ ಸಾಲನ್ನು ಬಿಟ್ಟು ಮುಂದೆ ಹೋಗುವ ಸೌಲಭ್ಯ) ಬಳಸಿದರೆ ಎರಡು ವರ್ಕರ್‌ಗಳು ಒಂದೇ ಸಾಲನ್ನು ಹಿಡಿಯುವುದಿಲ್ಲ.

ಇನ್ನೊಂದು, ಮರುಪ್ರಯತ್ನ. ಪಾವತಿಯ ಕರೆ ಹೋಯಿತು, ಉತ್ತರ ಬರುವ ಮೊದಲು ನೆಟ್‌ವರ್ಕ್ ಕಡಿಯಿತು. ಮತ್ತೆ ಕಳಿಸಿದರೆ ಎರಡು ಪಾವತಿ ಆಗಬಾರದು. ಅದಕ್ಕೆ ಪ್ರತಿ ಕರೆಗೂ ಒಂದು ಗುರುತು: ಓಟದ ಐಡಿ, ನೋಡ್ ಐಡಿ, ಆ ನೋಡಿಗೆ ಇದು ಎಷ್ಟನೇ ಭೇಟಿ. ಭೇಟಿಯ ಸಂಖ್ಯೆ ಬಿಟ್ಟರೆ ಕಣದಿಂದ ಎರಡನೇ ಸಲ ಬಂದ ಲಾಟಿನ ಎಸ್ಸೆಮ್ಮೆಸ್ "ಆಗಲೇ ಹೋಗಿದೆ" ಎಂದು ತಪ್ಪಿಹೋಗುತ್ತದೆ. ಎಷ್ಟನೇ ಪ್ರಯತ್ನ ಎಂಬ ಸಂಖ್ಯೆ ಸೇರಿಸಿದರೆ ಪ್ರತಿ ಪ್ರಯತ್ನಕ್ಕೂ ಗುರುತು ಬೇರೆಯಾಗಿ, ಇಟ್ಟ ಉದ್ದೇಶವೇ ಕೆಟ್ಟಿತು.

ಓಡುತ್ತಿರುವ ಲಾಟನ್ನು ತೋರಿಸುವ ಪರದೆ ಎಡಿಟರಿನಂತೆಯೇ ಕಂಡರೂ ಬೇರೆ ಪುಟವಾಗಿರಲಿ, ಮತ್ತು ಲಾಟ್ ಶುರುವಾದ ಆವೃತ್ತಿಯ ಚಿತ್ರವನ್ನೇ ತೋರಿಸಲಿ. ತೋಟದ ರೈಟರಿಗೆ ಮೊಬೈಲಿನಲ್ಲಿ ಕ್ಯಾನ್ವಾಸ್ ಬೇಡವೇ ಬೇಡ. ಮೇಲಿನಿಂದ ಕೆಳಕ್ಕೆ ಹೆಜ್ಜೆಗಳ ಪಟ್ಟಿ, ಈಗ ಎಲ್ಲಿದೆ, ಯಾರ ಕೈಯಲ್ಲಿದೆ, ಎಷ್ಟು ಹೊತ್ತಿನಿಂದ. ಅದೇ ಪಟ್ಟಿ ಕಣ್ಣು ಕಾಣದವರ ಸ್ಕ್ರೀನ್ ರೀಡರಿಗೂ ಒದಗುತ್ತದೆ.

ಇಬ್ಬರು ಒಟ್ಟಿಗೆ ಒಂದೇ ವರ್ಕ್‌ಫ್ಲೋ ತಿದ್ದುವಂತೆ ಮಾಡಬೇಕೇ ಎಂಬ ಪ್ರಶ್ನೆ ಇಂಥ ಕಡೆ ಬಂದೇ ಬರುತ್ತದೆ. ವೈಜೆಎಸ್‌ನಂಥ ಲೈಬ್ರರಿಯಿಂದ ಸಾಧ್ಯವಿದೆ. ಆದರೆ ಒಬ್ಬರು ನೋಡ್ ಅಳಿಸುತ್ತಿರುವಾಗ ಇನ್ನೊಬ್ಬರು ಅದಕ್ಕೇ ಗೆರೆ ಎಳೆದರೆ ಡೇಟಾ ಕೂಡಿಕೊಳ್ಳುತ್ತದೆಯೇ ಹೊರತು ದಾರಿಗೆ ಅರ್ಥ ಉಳಿಯುವುದಿಲ್ಲ. ಗೆರೆಯ ತುದಿ ಗಾಳಿಯಲ್ಲಿ ನಿಲ್ಲುತ್ತದೆ, ಅದನ್ನು ಗುಡಿಸುವ ಕೋಡ್ ನೀವೇ ಬರೆಯಬೇಕು. ವರ್ಕ್‌ಫ್ಲೋ ತಿದ್ದುವವರು ಒಂದು ಕಚೇರಿಯಲ್ಲಿ ಹೆಚ್ಚೆಂದರೆ ಇಬ್ಬರು ಮೂವರು. ಒಬ್ಬರು ತೆರೆದಾಗ ಬೀಗ ಹಾಕಿ, 30 ಸೆಕೆಂಡಿಗೊಮ್ಮೆ ಬ್ರೌಸರ್ ಅದನ್ನು ನವೀಕರಿಸಲಿ, ಎರಡು ನಿಮಿಷ ಸುದ್ದಿ ಇಲ್ಲದಿದ್ದರೆ ಬೀಗ ತಾನಾಗಿ ಬಿಡಲಿ. ಎರಡನೆಯವರಿಗೆ ಓದಲು ಮಾತ್ರ ಸಿಗಲಿ, ಯಾರು ತೆರೆದಿದ್ದಾರೆ ಎಂಬ ಹೆಸರು ಕಾಣಲಿ, ಕೂಗಿ ಕೇಳಿದರೆ ಆಯಿತು. ಹಿನ್ನೆಲೆಗೆ ಹೋದ ಟ್ಯಾಬಿನ ಟೈಮರ್‌ಗಳನ್ನು ಬ್ರೌಸರ್ ನಿಮಿಷಕ್ಕೊಂದರಷ್ಟು ನಿಧಾನಗೊಳಿಸಬಹುದು, ಎರಡು ನಿಮಿಷ ಎಂದದ್ದು ಅದಕ್ಕೇ. 45 ಸೆಕೆಂಡ್ ಇಟ್ಟರೆ ಕಾಫಿ ಕುಡಿಯಲು ಹೋಗದೆ ಬರೀ ಟ್ಯಾಬ್ ಬದಲಿಸಿದವರ ಬೀಗವೂ ಕಳಚುತ್ತದೆ.